ಆಯಾ ತೆಗೆದಿಟ್ಟ ಸಾಸಿವೆ ದಿಂಬು

ಆಯಾಳ ಕಾಲು ಮೊಣಕಾಲಿನಿಂದ ಕೆಳಗೆ ಪಾದದವರೆಗೂ ನುಣ್ಣಗೆ ಹೊಳೆಯುತ್ತಿತ್ತು. ಕೈ ಒಣಗಿ ಬಿರುಕು ಬಿಟ್ಟಿತ್ತು, ಮುಖದ ತುಂಬ ಬಿಸಿಲಿನ ಸುಕ್ಕು. ಆ ಎರಡು ಕಾಲು ಮಾತ್ರ ಬೇರೆ ಯಾರವೋ ಅನ್ನುವ ಹಾಗೆ ಎಳೆಯದಾಗಿದ್ದವು. ನಲವತ್ತು ವರ್ಷ ಆ ಕಾಲುಗಳ ಮೇಲೆ ಕೂಸುಗಳನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆದಿದ್ದಳು. ಕೂಸಿಗೆಂದು ಹಚ್ಚಿದ ಎಣ್ಣೆಯಲ್ಲಿ ಅರ್ಧ ಅವಳ ಕಾಲಿಗೇ ಸೇರುತ್ತಿತ್ತು. "ನನ್ನ ಕಾಲಿಗೆ ಮಾತ್ರ ವಯಸ್ಸಾಗಿಲ್ಲ ನೋಡು ಮಾ, ಮಿಕ್ಕಿದ್ದಕ್ಕೆಲ್ಲ ಆಗೋಯ್ತು" ಎನ್ನುತ್ತ ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಬಚ್ಚಲ ಮಣೆಯ ಮೇಲೆ ಕೂರುತ್ತಿದ್ದಳು.

ನಾನು ತುಮಕೂರಿನವಳು. ಮದುವೆಯಾಗಿ ಬಂದದ್ದು ಚೆನ್ನೈನ ಟಿ. ನಗರದ ಒಂದು ಕನ್ನಡ ಮನೆಗೆ. ಗಂಡನ ತಾತನ ಕಾಲದಿಂದ ಇಲ್ಲೇ ನೆಲೆಸಿದ ವೈಷ್ಣವ ಕುಟುಂಬ. ಮನೆಮಾತು ಕನ್ನಡವೇ, ಆದರೆ ಸಿಟ್ಟು ಬಂದರೂ ತಮಿಳು, ಮುದ್ದು ಬಂದರೂ ತಮಿಳು. ನನ್ನ ಅಮ್ಮ ನಾನು ಕಾಲೇಜಿನಲ್ಲಿದ್ದಾಗಲೇ ತೀರಿಕೊಂಡಿದ್ದಳು. ಹಾಗಾಗಿ ಬಾಣಂತನ ಅತ್ತೆಯ ಕೈಯಲ್ಲೇ ನಡೆಯಿತು. ಮಗಳು ಹುಟ್ಟಿದ ಹನ್ನೊಂದನೆಯ ದಿನ ಅತ್ತೆ ಆಯಾಳಿಗೆ ಹೇಳಿಕಳಿಸಿದರು. ನನ್ನ ಗಂಡನನ್ನೂ ಅವರ ತಂಗಿಯನ್ನೂ ಹಸುಗೂಸಾಗಿದ್ದಾಗ ಎರೆದವಳು ಅವಳೇ.

ಅವಳ ಊರು ಎಣ್ಣೂರು. ಕಡಲ ದಂಡೆಯ ಮೀನುಗಾರರ ಕೇರಿ. ಅಲ್ಲಿಂದ ಲೋಕಲ್ ಟ್ರೈನು ಹಿಡಿದು, ಮತ್ತೆ ಬಸ್ಸು ಹತ್ತಿ, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ನಮ್ಮ ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದಳು. ಮುಂಬಾಗಿಲಿನಿಂದ ಅವಳು ಬರುವ ಹಾಗಿರಲಿಲ್ಲ. ಅಡುಗೆಮನೆಯತ್ತ ತಿರುಗುವ ಹಾಗಿರಲಿಲ್ಲ. ಅವಳ ಕಾಫಿಯ ಲೋಟ ಬೇರೆ, ಅದು ಹಿತ್ತಲ ಕಿಟಕಿಯ ಹೊರಗಟ್ಟೆಯ ಮೇಲೆ ಇರುತ್ತಿತ್ತು. ಅತ್ತೆಗಿಂತ ವಯಸ್ಸಿನಲ್ಲಿ ದೊಡ್ಡವಳು, ಆದರೂ ಮನೆಮಂದಿಯೆಲ್ಲ ಅವಳನ್ನು "ಬಾ, ಹೋಗು" ಎಂದೇ ಮಾತಾಡಿಸುತ್ತಿದ್ದೆವು. ನಾನೂ ಅಷ್ಟೆ. ಈಗ ಬರೆಯುವಾಗ ಮಾತ್ರ ಮರ್ಯಾದೆ ಸೇರಿಸಿದರೆ ಅದು ನನ್ನ ಸಮಾಧಾನಕ್ಕೆ ಆದೀತೇ ಹೊರತು ಅವಳಿಗೇನೂ ಅಲ್ಲ. ಅದಕ್ಕೇ ಅಂದಿನಂತೆಯೇ ಬರೆಯುತ್ತಿದ್ದೇನೆ.

ಅವಳಿಗೆ ಮುಖಗಳು ನೆನಪಿರುತ್ತಿರಲಿಲ್ಲ. ಬೆನ್ನು ನೆನಪಿರುತ್ತಿತ್ತು. ನಮ್ಮ ಬೀದಿಯಲ್ಲಿ ಒಬ್ಬರು ಬ್ಯಾಂಕ್ ಮ್ಯಾನೇಜರು ಒಂದು ಬೆಳಿಗ್ಗೆ ಟವೆಲ್ ಸುತ್ತಿಕೊಂಡು ಅಂಗಳದಲ್ಲಿ ಪೇಪರ್ ಓದುತ್ತಿದ್ದಾಗ ಇವಳು ಗೇಟಿನ ಹೊರಗೆ ನಿಂತು, "ಆ ಎಡಭುಜದ ಮಚ್ಚೆ ನನಗೆ ಗೊತ್ತು, ಮೂರು ತಿಂಗಳು ನನ್ನ ಮೈಮೇಲೆಲ್ಲ ಉಚ್ಚೆ ಹೊಯ್ದಿದೆ" ಎಂದಿದ್ದಳಂತೆ. ಪಾಪ, ಆ ಮನುಷ್ಯ ಅಂದಿನಿಂದ ಅಂಗಿ ಹಾಕಿಕೊಂಡೇ ಪೇಪರ್ ಓದುತ್ತಾರೆಂದು ಅತ್ತೆ ನಗುತ್ತಿದ್ದರು. ಚೆಂಬಿನ ನೀರನ್ನು ಕೂಸಿನ ಮೈಗೆ ಹಾಕುವ ಮೊದಲು ತನ್ನ ಕಾಲಿಗೆ ಹಾಕಿಕೊಳ್ಳುವುದು ಅವಳ ಪದ್ಧತಿ. ಯಾವ ಮಗು ಎಷ್ಟೇ ಅತ್ತರೂ "ಪಾಪಾ ಸುಳ್ಳು ಹೇಳಲ್ಲ ಮಾ" ಎನ್ನುವುದು ಅವಳ ಮಾತು. ಎಷ್ಟೋ ದಿನ ನಾನದನ್ನು ಸುಮ್ಮನೆ ಒಂದು ಮಾತೆಂದುಕೊಂಡಿದ್ದೆ.

ಮೂರನೆಯ ವಾರದಲ್ಲಿ ಮಗಳ ಉಸಿರಿಗೆ ಸದ್ದು ಹತ್ತಿತು. ಎಳನೀರು ಮುಗಿದ ಮೇಲೂ ಕೊಳವೆಯಿಂದ ಹೀರಿದರೆ ಬರುತ್ತದಲ್ಲ, ಅಂಥ ಸದ್ದು. ಹಾಲು ಕುಡಿಯುತ್ತ ಕುಡಿಯುತ್ತ ಬಿಟ್ಟು ತಲೆಯನ್ನು ಹಿಂದಕ್ಕೆ ಚೆಲ್ಲುತ್ತಿದ್ದಳು. ಮಲಗಿಸಿದರೂ ಹಾಗೆಯೇ, ಕತ್ತು ಬಿಲ್ಲಿನಂತೆ ಬಾಗಿಸಿ ಗಲ್ಲವನ್ನು ಮೇಲಕ್ಕೆತ್ತಿ ಮಲಗುತ್ತಿದ್ದಳು. ಬೀದಿ ಕೊನೆಯ ಡಾಕ್ಟರು ನೋಡಿ, ಗಂಟಲು ಇನ್ನೂ ಮೆತ್ತಗಿದೆ, ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತದೆ ಎಂದರು. ಸದ್ದು ಹೆಚ್ಚಾದಾಗ ಉಬ್ಬಸದಂಥ ವೀಜಿಂಗ್ ಇರಬಹುದೆಂದು ಮೂಗಿಗೆ ಹಿಡಿಯುವ ಹಬೆಯ ಮದ್ದು ಬರೆದುಕೊಟ್ಟರು. ಆ ಯಂತ್ರದ ಗುಂಯ್‌ಗುಡುವಿಕೆಗೇ ನಮ್ಮ ಮನೆ ಒಗ್ಗಿಹೋಯಿತು. ಮಗಳ ಸದ್ದು ಮಾತ್ರ ನಿಲ್ಲಲಿಲ್ಲ.

ತಲೆ ಹಿಂದಕ್ಕೆ ಹಾಕುವುದು ಕೆಟ್ಟ ಅಭ್ಯಾಸ, ಈಗಲೇ ತಿದ್ದದಿದ್ದರೆ ಕತ್ತು ಹಾಗೇ ನಿಂತುಬಿಡುತ್ತದೆ ಎಂದು ಅತ್ತೆಗೆ ಚಿಂತೆ. ನಮ್ಮಲ್ಲಿ ಹಸುಗೂಸಿನ ತಲೆ ಗುಂಡಗೆ ಬರಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬು ಇಡುತ್ತಾರೆ. ಅತ್ತೆ ತಮ್ಮ ಹಳೆಯ ರೇಷ್ಮೆ ರವಿಕೆಯ ಬಟ್ಟೆಯಲ್ಲಿ ಅದನ್ನು ಕೈಯಾರೆ ಹೊಲಿದಿದ್ದರು. ನಡುವೆ ಒತ್ತಿ ಗುಳಿ ಮಾಡಿ ಮಗುವಿನ ತಲೆಯನ್ನು ಅದರಲ್ಲಿ ಕೂರಿಸಿ, ಎರಡೂ ಪಕ್ಕ ಸಾಸಿವೆ ಒತ್ತಿಬಿಟ್ಟರೆ ಕತ್ತು ಅಲುಗಾಡದೆ ನೆಟ್ಟಗೆ ನಿಲ್ಲುತ್ತಿತ್ತು. ಮಗಳು ಕಾಲು ಒದೆಯುತ್ತಿದ್ದಳು. ನಾನು ಒಂದು ಕೈಯಲ್ಲಿ ಅವಳ ಹಣೆಯನ್ನು ಮೆಲ್ಲಗೆ ಒತ್ತಿಹಿಡಿದು ಹಾಡು ಹೇಳುತ್ತಿದ್ದೆ. ದಿನಕ್ಕೆ ಎಷ್ಟು ಸಲ ಹಾಗೆ ಹಿಡಿದಿದ್ದೆನೋ, ಲೆಕ್ಕವಿಟ್ಟವರಿಲ್ಲ. ಒಳ್ಳೆಯ ತಾಯಿ ಹೀಗೆಯೇ ಮಾಡುತ್ತಾಳೆ ಎಂದುಕೊಂಡಿದ್ದೆ.

ಆಯಾ ಬಂದವಳೇ ಮೊದಲು ಆ ದಿಂಬನ್ನು ತೆಗೆದು ತೊಟ್ಟಿಲಿನ ಕೆಳಗೆ ಇಡುತ್ತಿದ್ದಳು. ಅವಳು ಹೋದಮೇಲೆ ಅತ್ತೆ ಎತ್ತಿ ಮತ್ತೆ ಇಡುತ್ತಿದ್ದರು. ದಿನಾ ಇದೇ ನಡೆಯಿತು. ಎರೆದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನೂ ಅವಳು ನಿಲ್ಲಿಸಿಬಿಟ್ಟಳು. ಹೊಗೆಯ ತಟ್ಟೆಯನ್ನು ಹಿತ್ತಲಿಗೆ ಒಯ್ದು ನೀರು ಸುರಿದಳು.

"ಏನ್ ಆಯಾ, ನೀನು ಎಲ್ಲಾ ಕೊಳಂದೆಗೂ ಹಿಂಗೇ ಮಾಡ್ತೀಯಾ?" ಅತ್ತೆ ಕೇಳಿದರು. ಕೊಳಂದೆ ಎಂದರೆ ಕೂಸು.

"ಎಲ್ಲಾ ಕೊಳಂದೆ ಬೇರೆ ಮಾಮಿ. ಇದು ಬೇರೆ" ಎಂದಳು ಆಯಾ.

ಮಗಳಿಗೆ ಮೂರು ತಿಂಗಳು ದಾಟಿದ್ದ ಒಂದು ಬೆಳಿಗ್ಗೆ. ಆಯಾ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ ತಲೆಗೆ ನೀರು ಹಾಕಲೆಂದು ಕತ್ತಿನ ಕೆಳಗೆ ಕೈಕೊಟ್ಟು ನೆಟ್ಟಗೆ ಹಿಡಿದಳು. ಸದ್ದು ಒಮ್ಮೆ ಜೋರಾಗಿ, ಆಮೇಲೆ ಪೂರ್ತಿ ನಿಂತುಹೋಯಿತು. ನಾನು ಟವೆಲ್ ಹಿಡಿದು ಬಾಗಿಲಲ್ಲಿದ್ದೆ. ಸದ್ದು ನಿಂತದ್ದಕ್ಕೆ ನನಗೆ ಒಂದು ಕ್ಷಣ ಸಂತೋಷವೇ ಆಯಿತು. ಆ ಕ್ಷಣವನ್ನು ನಾನು ಇವತ್ತಿಗೂ ಕ್ಷಮಿಸಿಕೊಂಡಿಲ್ಲ. ಮಗುವಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಆಯಾ ಚೆಂಬು ಬಿಸಾಕಿ ಅವಳನ್ನು ಮಗ್ಗುಲಾಗಿಸಿ ತಲೆಯನ್ನು ಹಿಂದಕ್ಕೆ ಬಿಟ್ಟಳು. ಗೊರ್ ಎಂದು ಉಸಿರು ವಾಪಸು ಬಂತು. ಅವಳೇ ಒರೆಸಿ, ಸುತ್ತಿ, ನನ್ನ ಕೈಗೆ ಕೊಟ್ಟಳು.

"ನಾಳೆಯಿಂದ ಈ ಪಾಪಾಗೆ ನಾನು ಎರೆಯಲ್ಲ."

ಅತ್ತೆ ಅಡುಗೆಮನೆಯಿಂದ ಬಂದರು. "ಯಾಕೆ? ಏನಾಯ್ತು ನಿಂಗೆ?"

"ಇದು ಹಟ ಇಲ್ಲ ಮಾಮಿ. ಮೂಚ್ಚು ಹುಡುಕ್ತಿದೆ. ಕತ್ತು ಹಿಂದಕ್ಕೆ ಹಾಕಿದ್ರೆ ದಾರಿ ಸಿಗುತ್ತೆ, ಅದಕ್ಕೇ ಹಾಕ್ತದೆ. ನೀವು ಮುಚ್ತೀರಿ."

ಮೂಚ್ಚು ಎಂದರೆ ಉಸಿರು. ಅತ್ತೆಗೆ ಅವಮಾನವಾಯಿತು. ಮೊಮ್ಮಗಳ ಉಸಿರು ಮುಚ್ಚುವವರು ಎಂದು ಕೆಲಸದವಳು ಬಾಗಿಲಲ್ಲಿ ನಿಂತು ಹೇಳಿದರೆ ಯಾರಿಗೆ ಆಗುವುದಿಲ್ಲ? "ಕೈಯಲ್ಲಿ ಆಗ್ಲಿಲ್ಲಾಂದ್ರೆ ಆಗಲ್ಲ ಅನ್ನು. ಕೊಳಂದೆ ಮೇಲೆ ಯಾಕೆ ಹೇಳ್ತೀಯ" ಎಂದು ಒಳಗೆ ಹೋದರು. ಸಂಜೆ ಗಂಡನಿಗೆ ಹೇಳಿದೆ. ಡಾಕ್ಟರು ನೋಡುತ್ತಿದ್ದಾರಲ್ಲ, ಆಯಾ ಏನು ಓದಿದ್ದಾಳೆ ಎಂದರು. ಅದೂ ಸರಿಯೆನ್ನಿಸಿತು. ಆದರೂ ಆ ದಿನ ದಿಂಬನ್ನು ನಾನೇ ಎತ್ತಿ ಬೀರುವಿನ ಮೇಲೆ ಇಟ್ಟೆ. ಮಾರನೆಯ ದಿನ ಅತ್ತೆ ಕೆಳಗಿಳಿಸಿದರು.

ಆಯಾಳ ಕೆಲಸ ಮುಗಿಯಿತೆಂದುಕೊಂಡಿದ್ದೆವು. ಮಾರನೆಯ ಬೆಳಿಗ್ಗೆ ಎಂಟಕ್ಕೆ ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದಳು. ಎರೆಯಲು ಬಂದವಳಲ್ಲ, ಒಳಗೂ ಬರಲಿಲ್ಲ. ಮಗುವಿನ ಸದ್ದು ಕೇಳಿಸುವವರೆಗೆ ಕೂತು, "ಡಾಕ್ಟರ್ ಹತ್ರ ಹೋದೆಯಾ ಮಾ?" ಎಂದು ಕೇಳಿ, ಇನ್ನೊಂದು ಮನೆಗೆ ಎದ್ದು ಹೋದಳು. ಅದರ ಮಾರನೆಯ ದಿನವೂ ಬಂದಳು. ಹೀಗೆ ಒಂಬತ್ತು ದಿನ ಬಂದಳು. ನನಗೆ ಅವಳನ್ನು ಕಂಡರೆ ಸಿಟ್ಟು ಬರತೊಡಗಿತು. ಹಾಲುಣಿಸಿದರೆ ಅರ್ಧ ವಾಂತಿ, ತೂಕ ಏರುತ್ತಿಲ್ಲ, ನಾನು ಕೂತೇ ನಿದ್ದೆ ಮಾಡುತ್ತಿದ್ದೆ, ಮಗಳ ಎದೆಯ ಗುಳಿ ಒಳಕ್ಕೆ ಹೋಗಿ ಹೊರಕ್ಕೆ ಬರುವುದನ್ನು ಎಣಿಸುತ್ತಿದ್ದೆ. ಏನು ಮಾಡಲೂ ತೋಚದ ಹೊತ್ತಿನಲ್ಲಿ ಇವಳೊಬ್ಬಳು ಬಂದು ಕೂರುವುದು ಬೇರೆ. ಒಂಬತ್ತನೆಯ ದಿನ ಕೇಳಿಯೇಬಿಟ್ಟೆ.

"ನೀನು ಯಾಕೆ ಬರ್ತೀಯ ಆಯಾ? ನಿಂಗೇನಾಗ್ಬೇಕು?"

ಅವಳು ಸೀರೆಯನ್ನು ಮೊಣಕಾಲವರೆಗೆ ಎತ್ತಿ ಆ ಹೊಳೆಯುವ ಕಾಲುಗಳನ್ನು ಚಾಚಿದಳು. ಅಂಗೈಯಿಂದ ಸವರಿಕೊಂಡಳು.

"ನಂದು ಎರಡನೇದು, ಹೆಣ್ಣು. ಇದೇ ಸೌಂಡ್. ಇದೇ ಥರ ಕತ್ತು ಹಿಂದಕ್ಕೆ. ಊರೋರ ಕೊಳಂದೆಗೆಲ್ಲ ಕತ್ತು ನೆಟ್ಟಗೆ ಮಾಡೋಳು, ನನ್ನ ಪಾಪಾಗೆ ಮಾಡ್ದೆ ಬಿಡ್ತೀನಾ? ದಿನಾ ಹಿಡಿದು ಹಿಡಿದು ನೆಟ್ಟಗೆ ಮಾಡ್ದೆ. ಐದನೇ ತಿಂಗಳು ಈ ಕಾಲ ಮೇಲೇ ಹೋಯ್ತು ಮಾ. ನೀರು ಇನ್ನೂ ಬಿಸಿ ಇತ್ತು."

ನನ್ನ ಮಗಳಿಗೆ ನಾಲ್ಕು ತಿಂಗಳು ತುಂಬಲು ಒಂದು ವಾರವಿತ್ತು. ನಾನು ಒಳಗೆ ಹೋಗಿ ಚಪ್ಪಲಿ ಹಾಕಿಕೊಂಡೆ, ಮಗುವನ್ನು ಎತ್ತಿಕೊಂಡೆ, ಬಾಣಂತಿ ಬಟ್ಟೆಯಲ್ಲೇ ಹಿತ್ತಲ ಬಾಗಿಲಿನಿಂದ ಹೊರಬಿದ್ದೆ. ಅತ್ತೆ ಹಿಂದಿನಿಂದ ಕೂಗುತ್ತಲೇ ಇದ್ದರು. ಆಟೋದಲ್ಲಿ ಆಯಾ ನನ್ನ ಪಕ್ಕದಲ್ಲಿದ್ದಳು.

ಹೋದದ್ದು ಒಂದು ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ. ಅಲ್ಲಿದ್ದ ಲೇಡಿ ಡಾಕ್ಟರು ಚಿಕ್ಕ ವಯಸ್ಸಿನವರು, ಬೆಳಗಿನಿಂದ ಮಕ್ಕಳನ್ನು ನೋಡಿ ನೋಡಿ ಸುಸ್ತಾಗಿದ್ದರು. ಹಳೆಯ ಚೀಟಿ ನೋಡಿ ಅದೇ ಹಬೆಯ ಮದ್ದನ್ನು ಮುಂದುವರಿಸಲು ಬರೆಯತೊಡಗಿದರು. ಅಷ್ಟರಲ್ಲಿ ಆಯಾ ನನ್ನ ತೋಳಿನಿಂದ ಮಗುವನ್ನು ತೆಗೆದುಕೊಂಡು ಆಸ್ಪತ್ರೆಯ ನೆಲದ ಮೇಲೆ ಕೂತೇಬಿಟ್ಟಳು, ಕಾಲು ಚಾಚಿ, ಬಚ್ಚಲಲ್ಲಿ ಕೂತ ಹಾಗೆ. ಮಗುವನ್ನು ಮಲಗಿಸಿ ಕತ್ತನ್ನು ಎರಡು ಬೆರಳಿನಿಂದ ಸ್ವಲ್ಪ ನೆಟ್ಟಗೆ ತಂದಳು. ಸದ್ದು ಏರಿತು. ಬಿಟ್ಟಳು. ಸದ್ದು ಇಳಿಯಿತು. ಮತ್ತೊಮ್ಮೆ ತಂದಳು, ಬಿಟ್ಟಳು.

"ಉಳ್ಳೆ ಪೋಗುಂಬೋದುಂ ವರುದು, ವೆಳಿಯೆ ವರುಂಬೋದುಂ ವರುದು" ಎಂದಳು. ಒಳಗೆ ಹೋಗುವಾಗಲೂ ಬರುತ್ತದೆ, ಹೊರಗೆ ಬರುವಾಗಲೂ ಬರುತ್ತದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಬರೀ ವೀಜಿಂಗ್ ಆಗಿದ್ದರೆ ಸದ್ದು ಹೊರಗೆ ಬರುವಾಗಲೇ ಹೆಚ್ಚು ಎಂದು ನನಗೆ ಆಮೇಲೆ ತಿಳಿಯಿತು. ಎದ್ದು ಬಂದು ಅವಳೆದುರು ಅದೇ ನೆಲದ ಮೇಲೆ ಮಂಡಿಯೂರಿ ಕೂತು ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಟ್ಟರು.

ಆಮೇಲೆ ಸೀಮೆಸುಣ್ಣದ ನೀರಿನಂಥ ಬಿಳಿ ಮದ್ದು ಕುಡಿಸಿ ಎಕ್ಸ್‌ರೇ ತೆಗೆದರು. ಅನ್ನನಾಳ ಎರಡೂ ಪಕ್ಕದಿಂದ ಚಿವುಟಿದ ಹಾಗೆ ಕಾಣಿಸಿತು. ಹೃದಯದ ವಿಭಾಗಕ್ಕೆ ಕಳಿಸಿದರು, ಅಲ್ಲಿ ಸ್ಕ್ಯಾನ್ ಮಾಡಿದರು. ಎರಡು ದಿನ ಕಳೆದು ಅಲ್ಲಿನ ಹಿರಿಯ ಡಾಕ್ಟರು ನನ್ನನ್ನೂ ಗಂಡನನ್ನೂ ಕೂರಿಸಿ ಹೇಳಿದರು. ಅವರ ತಮಿಳನ್ನು ನನ್ನ ಕನ್ನಡದಲ್ಲಿ ಹೇಳುವುದಾದರೆ ಇಷ್ಟು: ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಎಲ್ಲರಿಗೂ ಒಂದೇ ಕಮಾನಾಗಿ ಎಡಕ್ಕೆ ಬಾಗಿ ಕೆಳಗಿಳಿಯುತ್ತದೆ. ಗರ್ಭದಲ್ಲಿ ಮೊದಲು ಎರಡು ಕಮಾನಿರುತ್ತವೆ, ಒಂದು ತಾನಾಗಿ ಕರಗಿಹೋಗಬೇಕು. ಈ ಮಗುವಿನಲ್ಲಿ ಅದು ಕರಗಿಲ್ಲ. ಎರಡೂ ಕಮಾನು ಶ್ವಾಸನಾಳವನ್ನೂ ಅನ್ನನಾಳವನ್ನೂ ನಡುವೆ ಹಿಡಿದುಕೊಂಡು ಹಿಂದೆ ಸೇರಿಕೊಂಡಿವೆ. ತೀರಾ ಅಪರೂಪ. ಅವರು ಮಗಳ ಕೈಯಲ್ಲಿದ್ದ ಕರಿಮಣಿ ಬಳೆಯನ್ನು ಮುಟ್ಟಿ, "ಕೈ ಬೆಳೀತಾ ಇದೆ, ಬಳೆ ಬೆಳೀತಾ ಇಲ್ಲ. ನೀವು ಇದನ್ನ ಬಿಚ್ಚಿ ದೊಡ್ಡದು ಹಾಕ್ತೀರಿ. ಒಳಗಿನದನ್ನ ನಾವು ಬಿಚ್ಚಬೇಕು" ಎಂದರು. ಯಾರ ತಪ್ಪೂ ಅಲ್ಲ ಎಂದೂ ಹೇಳಿದರು. ಮಗು ಕತ್ತನ್ನು ಹಿಂದಕ್ಕೆ ಚೆಲ್ಲುತ್ತಿದ್ದದ್ದು ಶ್ವಾಸನಾಳವನ್ನು ಎಳೆದು ಅಗಲಿಸಿಕೊಳ್ಳಲಿಕ್ಕೆ. ತನಗೆ ತಾನೇ ಕಂಡುಕೊಂಡ ಉಪಾಯ. ನಾನು ಅದನ್ನು ಮೂರು ತಿಂಗಳು ಹಾಡು ಹೇಳಿಕೊಂಡು ತಪ್ಪಿಸಿದ್ದೆ.

ಎಡಗಡೆ ಪಕ್ಕೆಯಿಂದ ಬೆನ್ನಿನವರೆಗೆ ಕೊಯ್ದು, ಎರಡರಲ್ಲಿ ತೆಳುವಾದ ಕಮಾನನ್ನು ಕಟ್ಟಿ ಕತ್ತರಿಸಿದರು. ಆ ನಾಲ್ಕು ಗಂಟೆಯ ಕಾಲ ಅತ್ತೆ ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಜಪ ಮಾಡುತ್ತಿರಲಿಲ್ಲ. ಸುಮ್ಮನೆ ತಮ್ಮ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದರು. ಅವರನ್ನು ಬೈಯಬೇಕೆಂದು ನನಗೆ ಎಷ್ಟೇ ಅನ್ನಿಸಿದ್ದರೂ ಆ ಅಂಗೈ ನೋಡಿದ ಮೇಲೆ ಆಗಲಿಲ್ಲ. ನನಗೂ ಎರಡು ಅಂಗೈ ಇದ್ದವಲ್ಲ.

ಎಲ್ಲ ಮುಗಿಯಿತೆಂದು ಮನೆಗೆ ಬಂದರೆ ಸದ್ದು ಹೋಗಿರಲಿಲ್ಲ. ಇಷ್ಟು ದಿನ ಒತ್ತಿಸಿಕೊಂಡ ಶ್ವಾಸನಾಳ ಅಲ್ಲಿ ಮೆತ್ತಗಾಗಿದೆ, ಗಟ್ಟಿಯಾಗಲು ವರ್ಷವೋ ಎರಡು ವರ್ಷವೋ ಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹೇಳಿದ್ದು ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಬಿದ್ದಿರಲಿಲ್ಲ. ಒಂದು ನೆಗಡಿ ಬಂದರೆ ಮತ್ತೆ ಆಸ್ಪತ್ರೆ, ಮತ್ತೆ ಆಮ್ಲಜನಕ. ಮೂರನೆಯ ಸಲ ಸೇರಿಸಿ ಕರೆತಂದ ದಿನ ನಾನು ಹಿತ್ತಲ ಮೆಟ್ಟಿಲಲ್ಲಿ ಕೂತು ಅತ್ತುಬಿಟ್ಟೆ. ಇಷ್ಟು ಕೊಯ್ಸಿಕೊಂಡು ಏನು ಬಂತು, ಆ ಪುಟ್ಟ ಬೆನ್ನನ್ನು ಸುಮ್ಮನೆ ಸೀಳಿಸಿದೆನಲ್ಲ ಎಂದು ಬಿಕ್ಕಿದೆ. ನೋಡಲು ಬಂದಿದ್ದ ಆಯಾ ಮಗುವನ್ನು ಎತ್ತಿ ಕಿವಿಯ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕೇಳಿದಳು.

"ಮೊದ್ಲಿನ ಥರ ಇಲ್ಲ ಮಾ. ಒಳಗೆ ಹೋಗೋ ಮೂಚ್ಚು ಸುಮ್ನೆ ಹೋಗ್ತದೆ. ಹೊರಗೆ ಬರೋದು ಮಾತ್ರ ಸೌಂಡ್ ಮಾಡ್ತದೆ. ಅರ್ಧ ಸರಿಹೋಯ್ತು. ಇನ್ನರ್ಧಕ್ಕೆ ಯಾಕೆ ಅವಸರ?"

ಡಾಕ್ಟರು ಆ ತಿಂಗಳು ಹೇಳಿದ್ದೂ ಹೆಚ್ಚು ಕಡಿಮೆ ಅದೇ.

ಮಗಳಿಗೆ ವರ್ಷ ತುಂಬಿದ ಮೇಲೆ ಒಂದೇ ಒಂದು ಸಲ ಆಯಾ ಅವಳನ್ನು ಎರೆದಳು. ನಾನೇ ಕೇಳಿಕೊಂಡೆ. ಮೊದಲು ಒಪ್ಪಲಿಲ್ಲ, ಕಾಲು ನೋವೆಂದಳು. ಆಮೇಲೆ ಮಣೆ ಹಾಕಿಸಿಕೊಂಡು ಕೂತಳು. ಮಗಳು ಅವಳ ಕಾಲಿಗಿಂತ ಉದ್ದವಾಗಿ ಬೆಳೆದಿದ್ದಳು, ಎರಡೂ ಪಾದ ಕೆಳಗೆ ಜೋತಾಡುತ್ತಿದ್ದವು. ಕತ್ತನ್ನು ಹೇಗೆ ಬೇಕೋ ಹಾಗೆ ಇಟ್ಟುಕೊಳ್ಳಲು ಬಿಟ್ಟು ಬೆನ್ನಿಗೆ ಎಣ್ಣೆ ಹಚ್ಚಿದಳು. ಎಡ ಹೆಗಲಿನ ಕೆಳಗೆ ಬಾಗಿದ ಗಾಯದ ಗುರುತಿನ ಮೇಲೆ ಬೆರಳನ್ನು ಈ ತುದಿಯಿಂದ ಆ ತುದಿಗೆ ಒಯ್ದಳು. "ಈ ಬೆನ್ನು ಮರೆಯಲ್ಲ" ಎಂದಳು. ಆ ದಿನವೂ ಅವಳ ಕಾಫಿ ಹಿತ್ತಲ ಕಿಟಕಿಯ ಹೊರಗೇ, ಅದೇ ಲೋಟದಲ್ಲೇ ಕೊಟ್ಟೆವು. ಮಗುವನ್ನು ಉಳಿಸಿಕೊಟ್ಟವಳಿಗೆ ನಮ್ಮ ಮನೆಯೊಳಗಿನ ಒಂದು ಲೋಟ ಕೊಡಲಾಗಲಿಲ್ಲ. ಅತ್ತೆಯ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಬಹುದು, ಆದರೆ ಆ ದಿನ ಕಾಫಿ ಬೆರೆಸಿದವಳು ನಾನು.

ಆಮೇಲೆ ಅವಳು ಬರುವುದು ಅಪರೂಪವಾಯಿತು. ಅವಳ ಎದೆಯೂ ಕೆಟ್ಟಿತ್ತು. ಸೌದೆ ಒಲೆಯ ಹೊಗೆ, ಎಣ್ಣೂರಿನ ವಿದ್ಯುತ್ ಸ್ಥಾವರದ ಬೂದಿ, ವಯಸ್ಸು. ಮಗಳಿಗೆ ನಾಲ್ಕು ವರ್ಷವಾಗಿ ಶಾಲೆಗೆ ಹೋಗುತ್ತಿದ್ದ ಕಾಲಕ್ಕೆ, ಹೋದ ವರ್ಷ, ಆಯಾಳ ಹಿರಿಯ ಮಗಳು ಫೋನ್ ಮಾಡಿದಳು. ಆಸ್ಪತ್ರೆಯಿಂದ ಮನೆಗೆ ಕಳಿಸಿಬಿಟ್ಟಿದ್ದಾರೆ, ನೋಡುವುದಾದರೆ ಬನ್ನಿ ಎಂದಳು. ಅಂದೇ ಮಧ್ಯಾಹ್ನ ಮಗಳನ್ನು ಕರೆದುಕೊಂಡು ಹೋದೆ. ಅವಳ ಮನೆಗೆ ನಾನು ಹೋದದ್ದು ಅದೇ ಮೊದಲು. ಇಷ್ಟು ವರ್ಷ ಅವಳು ದಿನಾ ಬಂದ ದಾರಿ ಎಷ್ಟು ದೂರವೆಂದು ಅವತ್ತು ಗೊತ್ತಾಯಿತು.

ಮನೆಯ ಮುಂದಿನ ಜಗಲಿಯ ಮೇಲೆ ಮಂಚ ಹಾಕಿ ಮಲಗಿಸಿದ್ದರು. ಎದುರಿಗೆ ವಿದ್ಯುತ್ ಸ್ಥಾವರದ ಚಿಮಣಿಗಳು. ತಲೆಯ ಕೆಳಗೆ ಎರಡು ದಿಂಬು. ಆಯಾ ಕಣ್ಣು ಮುಚ್ಚಿಕೊಂಡು ಕತ್ತನ್ನು ಪಕ್ಕಕ್ಕೆ, ಹಿಂದಕ್ಕೆ ಜಾರಿಸುತ್ತಿದ್ದಳು. ಅವಳ ಮಗಳು ಪ್ರತಿ ಸಲವೂ ಪ್ರೀತಿಯಿಂದಲೇ ತಲೆಯನ್ನು ಎತ್ತಿ ದಿಂಬಿನ ನಡುವಿಗೆ ಕೂರಿಸುತ್ತಿದ್ದಳು. ಬಂದವರ ಎದುರು ಅಮ್ಮ ನೆಟ್ಟಗೆ ಕಾಣಲಿ ಎಂದು. ನಾನು ಸೀರೆ ಸರಿಸಿ ಆ ಕಾಲುಗಳನ್ನು ಹಿಡಿದುಕೊಂಡೆ. ಅವು ಇನ್ನೂ ನುಣ್ಣಗಿದ್ದವು. ಅವನ್ನೇ ಒತ್ತುತ್ತ ಕೂತೆ.

ನನ್ನ ಮಗಳು ಕನ್ನಡದಲ್ಲಿ ಕೇಳಿದರೂ ತಮಿಳಿನಲ್ಲೇ ಉತ್ತರ ಹೇಳುವವಳು. ಮಂಚದ ತಲೆಯ ಕಡೆ ನಿಂತು ಬಹಳ ಹೊತ್ತು ಕಿವಿಗೊಟ್ಟಿದ್ದವಳು ನನ್ನ ಸೆರಗು ಎಳೆದಳು.

"ಅಮ್ಮಾ, ಪಾಟ್ಟಿಕ್ಕುಂ ಎನ್ನ ಮಾದಿರಿ ಸೌಂಡ್ ವರುದು."

ಅಜ್ಜಿಗೂ ನನ್ನ ಹಾಗೇ ಸದ್ದು ಬರುತ್ತಿದೆ. ನೆಗಡಿಯಾದಾಗ ಅವಳಿಗೆ ಈಗಲೂ ಆ ಸದ್ದು ಮರಳುತ್ತಿತ್ತು. ನಾನು ಎದ್ದೆ. ಒಂದು ಕೈಯಲ್ಲಿ ಆಯಾಳ ತಲೆಯನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಎರಡೂ ದಿಂಬು ಎಳೆದು ಕೆಳಗಿಟ್ಟೆ. ಮಡಿಸಿದ ಒಂದು ಸೀರೆಯನ್ನು ಹೆಗಲ ಕೆಳಗೆ ಕೊಟ್ಟೆ. ಕತ್ತು ಹಿಂದಕ್ಕೆ ಬಾಗಿ ಗಲ್ಲ ಮೇಲಕ್ಕೆ ಬಂತು. ಸದ್ದು ಪೂರ್ತಿ ಹೋಗಲಿಲ್ಲ, ಇಳಿಯಿತು. ಅವಳ ಮಗಳು ಮತ್ತೆ ದಿಂಬಿಗೆ ಕೈ ಚಾಚಿದಳು. "ಬೇಡ, ಹೇಗೆ ಬೇಕೋ ಹಾಗೆ ಇರಲಿ ಬಿಡಿ" ಎಂದೆ. ಆಯಾ ಕಣ್ಣು ತೆರೆದಳು. ನನ್ನನ್ನು ಗುರುತು ಹಿಡಿದಳೋ ಇಲ್ಲವೋ, ಮುಖಗಳು ಅವಳಿಗೆ ಎಂದೂ ನೆನಪಿರುತ್ತಿರಲಿಲ್ಲ. ನಾನು ಮಗಳ ಅಂಗಿಯ ಗುಂಡಿ ಬಿಚ್ಚಿ ಅವಳ ಬೆನ್ನನ್ನು ಆಯಾಳ ಕೈಗೆ ಸಿಗುವ ಹಾಗೆ ತಿರುಗಿಸಿ ನಿಲ್ಲಿಸಿದೆ. ಬಿರುಕು ಬಿಟ್ಟ ಬೆರಳು ಆ ಗಾಯದ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹೋಯಿತು.

"ಎರಡೂ ಕಡೆ ಸುಮ್ನೆ ಇದೆ" ಎಂದಳು. ನನ್ನ ಮಗಳ ಒಳಗೆ ಹೋಗುವ ಉಸಿರೂ, ಹೊರಗೆ ಬರುವ ಉಸಿರೂ.

ಅದಾಗಿ ಮೂರನೆಯ ದಿನ ಅವಳು ಹೋದಳು. ಕೊನೆಯವರೆಗೂ ದಿಂಬು ಇಡಲಿಲ್ಲವೆಂದು ಅವಳ ಮಗಳು ಫೋನಿನಲ್ಲಿ ಹೇಳಿದಳು. ನನ್ನ ಕೂಸಿನ ತಲೆಯ ಕೆಳಗಿನಿಂದ ಒಂದು ದಿಂಬು ತೆಗೆಯಲು ನನಗೆ ಮೂರು ತಿಂಗಳಿಗೂ ಮೇಲೆ ಹಿಡಿದಿತ್ತು. ಆಯಾಳ ತಲೆಯ ಕೆಳಗಿನಿಂದ ತೆಗೆಯಲು ಒಂದು ಗಳಿಗೆ ಸಾಕಾಯಿತು. ಅವಳಿಗೆ ನಾನು ಮಾಡಿದ್ದು ಅಷ್ಟೇ, ಅದನ್ನೂ ಅವಳೇ ಕಲಿಸಿದ್ದಳು.